ಸಾಕುನಾಯಿಗಳಲ್ಲಿ ಅಲರ್ಜಿ: ಗುರುತಿಸುವಿಕೆ ಮತ್ತು ನಿರ್ವಹಣೆ

(ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ನಾಯಿ ಸಾಕಣೆದಾರರ ಗಮನಕ್ಕೆ)

ಟೊಮೆಟೊ ತೋಟ, ಮಾವಿನ ತೋಪು, ಹಸುವಿನ ಕೊಟ್ಟಿಗೆ ಹಾಗೂ ರೇಷ್ಮೆ ಹುಳು ಸಾಕಣೆ ಮನೆಗಳ ಕಾವಲಿಗೆ ನಮ್ಮ ರೈತರು ನಾಯಿಯನ್ನೇ ನಂಬಿರುತ್ತಾರೆ. ಅದೇ ನಾಯಿ ಬಿಡದೆ ಮೈ ಕೆರೆದುಕೊಂಡು ಕೂದಲು ಉದುರಿಸಿಕೊಂಡಾಗ ‘ಕಜ್ಜಿ ನಾಯಿ’ ಎಂದು ಊರಾಚೆ ಬಿಟ್ಟು ಬರುವುದು, ಇಲ್ಲವೇ ಬೆಳೆಗೆ ಸಿಂಪಡಿಸಿ ಉಳಿದ ಕೀಟನಾಶಕ, ಸೀಮೆಎಣ್ಣೆ, ಹಳೆಯ ಎಂಜಿನ್ ಆಯಿಲ್ ಮೈಗೆ ಬಳಿಯುವುದು ರೂಢಿಯಲ್ಲಿದೆ. ಇಂತಹ ನಾಯಿಗಳಲ್ಲಿ ಹಲವಕ್ಕೆ ಇರುವುದು ಅಲರ್ಜಿ. ಅದು ಮನುಷ್ಯರಿಗಾಗಲಿ ಇತರ ನಾಯಿಗಳಿಗಾಗಲಿ ಅಂಟುವುದಿಲ್ಲ. ಬೆಳೆಯ ಕೀಟನಾಶಕವು ಚರ್ಮದ ಮೂಲಕವೂ ನೆಕ್ಕುವುದರಿಂದಲೂ ದೇಹವನ್ನು ಸೇರಿ, ಜೊಲ್ಲು ಸುರಿಕೆ, ನಡುಕ ಹಾಗೂ ಸಾವಿಗೆ ಕಾರಣವಾಗಬಹುದು. ನಾಯಿಯನ್ನು ಹಸಿವಿನಿಂದ ನರಳುವಂತೆ ತೊರೆದು ಬರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಆಗಿರುತ್ತದೆ.

ಅಲರ್ಜಿ ಎಂದರೆ, ಸಾಮಾನ್ಯವಾಗಿ ಅಪಾಯವಿಲ್ಲದ ವಸ್ತುವನ್ನೂ ದೇಹದ ರೋಗನಿರೋಧಕ ವ್ಯವಸ್ಥೆಯು ಶತ್ರುವೆಂದು ಭಾವಿಸಿ ಪ್ರತಿಭಟಿಸುವುದು. ಮನುಷ್ಯರಲ್ಲಿ ಇದು ಹೆಚ್ಚಾಗಿ ಸೀನು, ನೆಗಡಿಯಾಗಿ ಕಾಣಿಸಿದರೆ ನಾಯಿಗಳಲ್ಲಿ ತುರಿಕೆಯಾಗಿ ಕಾಣಿಸುತ್ತದೆ. ತುರಿಕೆ ಮೈಯ ಯಾವ ಭಾಗದಲ್ಲಿದೆ ಎಂಬುದೇ ಕಾರಣದ ಮೊದಲ ಸುಳಿವು.

ಸೊಂಟ, ಬಾಲದ ಬುಡ ಮತ್ತು ಹಿಂದೊಡೆಗಳಲ್ಲಿ ಕೂದಲು ಉದುರಿದ್ದರೆ ಮೊದಲು ಚಿಗಟವನ್ನೇ ಅನುಮಾನಿಸಬೇಕು. ಚಿಗಟದ ಜೊಲ್ಲಿಗೆ ಅಲರ್ಜಿ ಇರುವ ನಾಯಿಗೆ ಕೆಲವೇ ಕಡಿತಗಳು ಸಾಕು, ತುರಿಕೆ ಹಲವು ದಿನ ಉಳಿಯುತ್ತದೆ. ಆದ್ದರಿಂದ ‘ಮೈಮೇಲೆ ಒಂದು ಚಿಗಟವೂ ಕಾಣುತ್ತಿಲ್ಲ’ ಎಂಬ ಮಾತಿನಿಂದ ಈ ಕಾರಣವನ್ನು ತಳ್ಳಿಹಾಕಲಾಗದು. ಚಿಗಟದ ಸಂತತಿಯಲ್ಲಿ ನಾಯಿಯ ಮೈಮೇಲೆ ಇರುವುದು ಅಲ್ಪಭಾಗ ಮಾತ್ರ. ಮೊಟ್ಟೆ, ಮರಿಹುಳು ಮತ್ತು ಕೋಶಗಳು ಅದು ಮಲಗುವ ಗೋಣಿಚೀಲ, ಕೊಟ್ಟಿಗೆಯ ಮೂಲೆ, ನೆಲದ ಬಿರುಕುಗಳಲ್ಲಿರುತ್ತವೆ. ಕೋಶದೊಳಗಿನ ಚಿಗಟ ತಿಂಗಳುಗಟ್ಟಲೆ ಬದುಕಬಲ್ಲದು. ಒಮ್ಮೆ ಔಷಧಿ ಹಾಕಿ ‘ಪ್ರಯೋಜನವಾಗಲಿಲ್ಲ’ ಎಂದು ಕೈಬಿಡುವವರೇ ಹೆಚ್ಚು. ಮನೆಯ ಎಲ್ಲ ನಾಯಿ ಮತ್ತು ಬೆಕ್ಕುಗಳಿಗೆ ಏಕಕಾಲಕ್ಕೆ, ಕನಿಷ್ಠ 3 ತಿಂಗಳು ಪಶುವೈದ್ಯರು ಸೂಚಿಸಿದ ಔಷಧಿಯನ್ನು ನೀಡಿ, ಹಾಸಿಗೆಯನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕತಕ್ಕದ್ದು. ನಾಯಿಗೆ ಬಳಸುವ ಪರ್ಮೆಥ್ರಿನ್ ಔಷಧಿಯನ್ನು ಬೆಕ್ಕಿಗೆ ಹಾಕಬಾರದು, ಅದು ಬೆಕ್ಕಿಗೆ ಮಾರಕ.

ರೇಷ್ಮೆ ಬೆಳೆಗಾರರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಚಿಗಟ ಮತ್ತು ಉಣ್ಣೆ ನಿವಾರಕ ಔಷಧಿಗಳಲ್ಲಿರುವ ಪೈರೆಥ್ರಾಯ್ಡ್‌ಗಳು ರೇಷ್ಮೆ ಹುಳುವಿಗೆ ಅತ್ಯಲ್ಪ ಪ್ರಮಾಣದಲ್ಲೂ ವಿಷ. ಔಷಧಿ ಹಾಕಿದ ನಾಯಿಯನ್ನು ಸಾಕಣೆ ಮನೆಗಾಗಲಿ ಹಿಪ್ಪುನೇರಳೆ ಸೊಪ್ಪಿನ ರಾಶಿಯ ಬಳಿಗಾಗಲಿ ಬಿಡಬಾರದು. ಔಷಧಿ ಹಾಕಿದ ಕೈಯನ್ನು ಸೋಪಿನಿಂದ ತೊಳೆದು, ಬಟ್ಟೆ ಬದಲಿಸಿದ ನಂತರವೇ ಸೊಪ್ಪು ಮುಟ್ಟಬೇಕು. ಬಾಯಿಯ ಮೂಲಕ ನೀಡುವ ಮಾತ್ರೆಗಳೂ ಲಭ್ಯವಿದ್ದು, ಹುಳು ಸಾಕುವ ಮನೆಯವರು ಅದನ್ನು ವೈದ್ಯರಲ್ಲಿ ಮೊದಲೇ ಕೇಳುವುದು ಒಳಿತು.

ಕಿವಿಯ ಅಂಚು ಮತ್ತು ಮೊಣಕೈಗಳಲ್ಲಿ ಹೊಪ್ಪಳೆಗಟ್ಟಿ, ಮನೆಯವರಿಗೂ ತುರಿಕೆ ಆರಂಭವಾಗಿದ್ದರೆ ಅದು ಅಲರ್ಜಿಯಲ್ಲ, ನುಸಿಯಿಂದಾಗುವ ಕಜ್ಜಿ. ಚರ್ಮವನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ಇದನ್ನು ಪತ್ತೆ ಹಚ್ಚಲಾಗುತ್ತದೆ. ದನಗಳಿಗೆಂದು ತಂದ ಐವರ್ಮೆಕ್ಟಿನ್ ಚುಚ್ಚುಮದ್ದನ್ನು ಅಂದಾಜಿನ ಮೇಲೆ ನಾಯಿಗೆ ನೀಡಬಾರದು. ಕಾಲಿ ಮುಂತಾದ ಕೆಲವು ತಳಿಗಳಲ್ಲಿ ಅದು ಪ್ರಾಣಾಪಾಯ ತರುತ್ತದೆ.

ಪಾದ ನೆಕ್ಕುವುದು, ಮುಖ ಉಜ್ಜುವುದು, ಕಿವಿ ಸೋರುವುದು, ಕಂಕುಳು ಮತ್ತು ಹೊಟ್ಟೆ ಕೆಂಪಾಗುವುದು ಧೂಳಿನ ನುಸಿ ಅಥವಾ ಪರಾಗಕ್ಕೆ ಆಗುವ ಅಲರ್ಜಿಯ ಲಕ್ಷಣಗಳು. ಇದು ಸಾಮಾನ್ಯವಾಗಿ 6 ತಿಂಗಳಿನಿಂದ 3 ವರ್ಷದ ವಯಸ್ಸಿನಲ್ಲಿ ತಲೆದೋರುತ್ತದೆ. ಇದೇ ಲಕ್ಷಣಗಳು ವರ್ಷವಿಡೀ ಇದ್ದು, ಜೊತೆಗೆ ಗುದದ ಸುತ್ತ ತುರಿಕೆ ಅಥವಾ ಪದೇ ಪದೇ ಭೇದಿ ಇದ್ದರೆ ಆಹಾರವನ್ನೂ ಪರಿಶೀಲಿಸಬೇಕು.

ಆಹಾರದ ಅಲರ್ಜಿಗೆ ಮನೆಯಲ್ಲಿಯೇ ಪರೀಕ್ಷೆ ಸಾಧ್ಯ. ನಾಯಿ ಇದುವರೆಗೆ ತಿಂದಿರದ ಆಹಾರವನ್ನು ಮಾತ್ರ 8 ವಾರ ನೀಡಬೇಕು. ಉದಾಹರಣೆಗೆ, ಮುದ್ದೆ, ಹಾಲು, ಕೋಳಿಯ ತ್ಯಾಜ್ಯ ತಿಂದು ಬೆಳೆದ ನಾಯಿಗೆ ಬೇಯಿಸಿ ಮುಳ್ಳು ತೆಗೆದ ಮೀನು ಮತ್ತು ಗೆಣಸು. ಉಪ್ಪು, ಖಾರ, ಈರುಳ್ಳಿ ಬೇಡ. ಮಕ್ಕಳು ಎಸೆಯುವ ಒಂದು ಬಿಸ್ಕತ್ತಿನಿಂದಲೂ ಪರೀಕ್ಷೆ ಕೆಡುತ್ತದೆ. ತುರಿಕೆ ತಗ್ಗಿದ ಮೇಲೆ ಹಳೆಯ ಆಹಾರವನ್ನು ಮತ್ತೆ ನೀಡಿ ನೋಡಬೇಕು. ಎರಡು ವಾರದೊಳಗೆ ತುರಿಕೆ ಮರಳಿದರೆ ಕಾರಣ ಖಚಿತ. ಹಾಲು ಕುಡಿದೊಡನೆ ಭೇದಿಯಾಗುವುದೆಲ್ಲ ಅಲರ್ಜಿಯಲ್ಲ. ಬೆಳೆದ ನಾಯಿಗಳಲ್ಲಿ ಹಲವಕ್ಕೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ.

ಅಲರ್ಜಿಯನ್ನು ಬುಡಸಮೇತ ಗುಣಪಡಿಸುವ ಮದ್ದು ಇಲ್ಲ, ಹತೋಟಿಯಲ್ಲಿಡುವುದು ಸಾಧ್ಯ. ಸ್ಟೀರಾಯ್ಡ್ ಚುಚ್ಚುಮದ್ದಿನಿಂದ ತುರಿಕೆ ಬೇಗ ನಿಲ್ಲುವುದರಿಂದ ಅದನ್ನೇ ಮತ್ತೆ ಮತ್ತೆ ಕೇಳುವವರಿದ್ದಾರೆ. ಅತಿಯಾದರೆ ಬಾಯಾರಿಕೆ, ಹೆಚ್ಚು ಮೂತ್ರ, ಬೊಜ್ಜು, ಚರ್ಮ ತೆಳುವಾಗುವಿಕೆ ಉಂಟಾಗುತ್ತವೆ.

ಜೇನುನೊಣ ಕಚ್ಚಿದಾಗ ಅಥವಾ ಲಸಿಕೆ ಹಾಕಿಸಿದಾಗ ಮುಖ ಊದುವುದು, ವಾಂತಿ, ಉಸಿರಾಟದ ತೊಂದರೆ, ಕುಸಿದು ಬೀಳುವುದು ಕಂಡುಬಂದಲ್ಲಿ ತಡಮಾಡದೆ ಹತ್ತಿರದ ಪಶು ಆಸ್ಪತ್ರೆಗೆ ಕರೆತರಬೇಕು. ಲಸಿಕೆಯ ನಂತರ ಅರ್ಧ ಗಂಟೆ ಅಲ್ಲಿಯೇ ಕಾಯುವುದು ಸೂಕ್ತ. ಹಿಂದೆ ಇಂತಹ ಪ್ರತಿಕ್ರಿಯೆ ಆಗಿದ್ದಲ್ಲಿ ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು. ಅದೇ ನೆಪದಿಂದ ರೇಬೀಸ್ ಲಸಿಕೆಯನ್ನು ತಪ್ಪಿಸಬಾರದೆಂದು ಕೋರಲಾಗಿದೆ.