ಹದ್ದು, ಕಸ ಮತ್ತು ಯಲಹಂಕದ ರನ್‌ವೇ

ಎರಡು ವರ್ಷಕ್ಕೊಮ್ಮೆ, ಸಂಕ್ರಾಂತಿಯ ಎಳ್ಳುಬೆಲ್ಲ ಮುಗಿದು ಒಂದೆರಡು ವಾರಕ್ಕೆ, ಯಲಹಂಕದ ಮಾಂಸದಂಗಡಿಗಳ ಶಟರ್ ಇಳಿಯುತ್ತದೆ. ಅರ್ಧ ಇಳಿದ ಶಟರಿನಡಿ ಬಗ್ಗಿ ನೋಡಿದರೆ ಕೊಕ್ಕೆಗಳು ಬರಿದಾಗಿ ತೂಗುತ್ತಿರುತ್ತವೆ. ಮಾಂಸ ಕೊಚ್ಚುವ ಮರದ ದಿಮ್ಮಿಯನ್ನು ತೊಳೆದು, ಗೋಣಿಚೀಲ ಹೊದಿಸಿ ಮೂಲೆಗೆ ಒರಗಿಸಿರುತ್ತಾರೆ. ಪಕ್ಕದ ಗೋಡೆಯ ಮೇಲೆ ಪಾಲಿಕೆಯ ನೋಟಿಸ್. ಹಬ್ಬವಲ್ಲ, ಜಯಂತಿಯಲ್ಲ, ಚುನಾವಣೆಯೂ ಅಲ್ಲ. ಏರ್ ಶೋ. ಕಾಗದಪತ್ರದಲ್ಲಿ ಅದರ ಹೆಸರು ಏರೋ ಇಂಡಿಯಾ. ಊರಿನ ಬಾಯಲ್ಲಿ ಏರ್ ಶೋ ಅಂದರೆ ಮುಗಿಯಿತು.

ಬಳ್ಳಾರಿ ರಸ್ತೆಯಲ್ಲಿ ದೇವನಹಳ್ಳಿಯತ್ತ ಹೊರಟರೆ ಎಡಕ್ಕೆ ಸಿಗುವ ಉದ್ದಾನುದ್ದ ಕಾಂಪೌಂಡಿನ ಆಚೆ ಯಲಹಂಕ ವಾಯುಪಡೆ ನಿಲ್ದಾಣವಿದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಇಲ್ಲಿ ಬ್ರಿಟಿಷರ ರಾಯಲ್ ಏರ್ ಫೋರ್ಸ್ ಬೀಡುಬಿಟ್ಟಿತ್ತು; ಬರ್ಮಾ ರಣರಂಗದ ಪೈಲಟ್‌ಗಳು ಥಂಡರ್‌ಬೋಲ್ಟ್ ವಿಮಾನಕ್ಕೆ ಕೈ ಕುದುರಿಸಿಕೊಂಡದ್ದು ಇಲ್ಲೇ. ಈಗಿನ ನಿಲ್ದಾಣ ಶುರುವಾದದ್ದು 1963ರಲ್ಲಿ. ಇದರ ಮುಖ್ಯ ಕಸುಬು ತರಬೇತಿ. ಸಾಗಣೆ ವಿಮಾನ ಮತ್ತು ಹೆಲಿಕಾಪ್ಟರ್‌ಗಳ ಪೈಲಟ್‌ಗಳು ಇಲ್ಲಿ ಪಳಗುತ್ತಾರೆ. ಫೈಟರ್‌ಗಳ ಅಬ್ಬರ ಏರ್ ಶೋ ಕಾಲದ್ದು. ಮಿಕ್ಕ ದಿನಗಳಲ್ಲಿ ಕೇಳುವುದು ಎಎನ್-32ರ ಎರಡು ಪ್ರೊಪೆಲರ್‌ಗಳ ಗುಂಯ್‌ಗುಡುವಿಕೆ. ಸುತ್ತಲಿನ ಮನೆಗಳ ಮಕ್ಕಳು ಸದ್ದಿನ ಮೇಲೇ ಯಾವ ವಿಮಾನವೆಂದು ಹೇಳಿಬಿಡುತ್ತಾರೆ.

1963ರಲ್ಲಿ ಯಲಹಂಕ ಬೆಂಗಳೂರಾಗಿರಲಿಲ್ಲ. ಅದು ಬೃಹತ್ ಬೆಂಗಳೂರಿನೊಳಗೆ ಬಂದದ್ದು 2007ರಲ್ಲಿ. ಅಂದರೆ ಊರು ನಿಲ್ದಾಣದ ಬಾಗಿಲಿಗೆ ನಡೆದುಕೊಂಡು ಬಂತೇ ಹೊರತು ನಿಲ್ದಾಣ ಊರೊಳಗೆ ಬಂದದ್ದಲ್ಲ. ಸದ್ದು ಜಾಸ್ತಿ, ಕಟ್ಟಡಕ್ಕೆ ನಿರಾಕ್ಷೇಪಣಾ ಪತ್ರ (ಎನ್‌ಒಸಿ) ಸಿಗುವುದಿಲ್ಲ ಎಂದು ಗೊಣಗುವಾಗ ನಾವು ಇದನ್ನು ಮರೆತಿರುತ್ತೇವೆ.

ಮಾಂಸದಂಗಡಿಗೂ ಯುದ್ಧವಿಮಾನಕ್ಕೂ ಏನು ಸಂಬಂಧ? ನಡುವೆ ಇರುವುದು ಹದ್ದು. ಬೆಂಗಳೂರಿನ ಆಕಾಶದಲ್ಲಿ ಸುತ್ತುವ ಕಂದುಬಣ್ಣದ, ಕವಲು ಬಾಲದ ಈ ಹಕ್ಕಿ ತೂಗುವುದು ಮುಕ್ಕಾಲು ಕಿಲೋ ಆಸುಪಾಸು. ಬಿಸಿಲೇರಿ ನೆಲ ಕಾದಮೇಲೆ ಮೇಲೇಳುವ ಬಿಸಿಗಾಳಿಯನ್ನು ಹತ್ತಿ, ರೆಕ್ಕೆ ಬಡಿಯದೆ ಗಿರಕಿ ಹೊಡೆಯುತ್ತ ಏರುತ್ತದೆ. ಕಣ್ಣು ಕೆಳಗೆ, ಕರುಳು ಚರ್ಮ ಬಿದ್ದಿರುವ ಗುಡ್ಡೆಯ ಮೇಲೆ. ಅದೇ ಹೊತ್ತಿಗೆ ಅದೇ ಎತ್ತರದಲ್ಲಿ ವಿಮಾನಗಳ ಕಸರತ್ತು. ವೇಗ ಇಮ್ಮಡಿಯಾದರೆ ಡಿಕ್ಕಿಯ ಹೊಡೆತ ನಾಲ್ಮಡಿಯಾಗುತ್ತದೆ, ಹೈಸ್ಕೂಲಿನ ಭೌತಶಾಸ್ತ್ರ ಅಷ್ಟೆ. ಗಂಟೆಗೆ ನೂರಾರು ಕಿಲೋಮೀಟರ್ ವೇಗದಲ್ಲಿ ಮುಕ್ಕಾಲು ಕಿಲೋದ ಹದ್ದು ಎಂಜಿನ್ನಿನ ಬಾಯಿಗೆ ಬಿದ್ದರೆ ಒಳಗಿನ ಬ್ಲೇಡುಗಳು ಮುರಿಯಬಹುದು. ಒಂದೇ ಎಂಜಿನ್ನಿನ ವಿಮಾನವಾದರೆ ಪೈಲಟ್‌ಗೆ ಉಳಿಯುವ ದಾರಿ ಹೊರಗೆ ಜಿಗಿಯುವುದು. ವಿಮಾನ ಬೀಳುವುದು ಯಾರದೋ ಮನೆಯ ಮೇಲೆ.

ಇದಕ್ಕೊಂದು ಕಾನೂನಿದೆ. 1937ರ ವಿಮಾನ ನಿಯಮಗಳ 91ನೇ ನಿಯಮ ವಿಮಾನ ನಿಲ್ದಾಣದಿಂದ 10 ಕಿಲೋಮೀಟರ್ ಒಳಗೆ ಪ್ರಾಣಿ ಕಡಿಯುವುದನ್ನು, ಸುಲಿಯುವುದನ್ನು, ಹಕ್ಕಿಗಳನ್ನು ಸೆಳೆಯುವ ಕಸ ಚೆಲ್ಲುವುದನ್ನು ನಿಷೇಧಿಸುತ್ತದೆ. ಪ್ರತಿ ಏರ್ ಶೋಗೂ ಪಾಲಿಕೆ ಇದನ್ನೇ ಹಿಡಿದು ಆದೇಶ ಹೊರಡಿಸುತ್ತದೆ. 2023ರಲ್ಲಿ ಜನವರಿ 30ರಿಂದ ಫೆಬ್ರವರಿ 20ರವರೆಗೆ 10 ಕಿಲೋಮೀಟರ್ ತ್ರಿಜ್ಯದೊಳಗೆ ಅಂಗಡಿ ಬಂದ್. 2025ರಲ್ಲಿ ಜನವರಿ 23ರಿಂದ ಫೆಬ್ರವರಿ 17ರವರೆಗೆ, 13 ಕಿಲೋಮೀಟರ್. ಮೂರೇ ಕಿಲೋಮೀಟರ್ ಹೆಚ್ಚಾಯಿತಲ್ಲ ಅನ್ನಬೇಡಿ. ವೃತ್ತದ ಲೆಕ್ಕ ಹಾಕಿದರೆ 314 ಚದರ ಕಿಲೋಮೀಟರ್ ಇದ್ದದ್ದು 531 ಆಗುತ್ತದೆ. ಐದು ದಿನದ ಪ್ರದರ್ಶನಕ್ಕೆ 26 ದಿನ ವ್ಯಾಪಾರವಿಲ್ಲ. ಹೋಟೆಲ್‌ಗಳಲ್ಲಿ ಬಿರಿಯಾನಿಯೂ ಇಲ್ಲ.

ಆ ನಿಯಮವನ್ನು ಪೂರ್ತಿ ಓದಿದವರಿಗೆ ಇನ್ನೆರಡು ಸಂಗತಿ ಕಾಣುತ್ತವೆ. ಒಂದು, ಅದು ಏರ್ ಶೋ ತಿಂಗಳಿಗೆ ಬರೆದ ನಿಯಮವಲ್ಲ, ವರ್ಷದ 365 ದಿನಕ್ಕೂ ಅನ್ವಯ. ಎರಡು, ಹಕ್ಕಿಗಳು ಬಾರದ ಹಾಗೆ ತಕ್ಕ ಏರ್ಪಾಡು ಮಾಡಿಕೊಂಡವರಿಗೆ ಅನುಮತಿ ಕೊಡಲು ಅದರಲ್ಲೇ ಅವಕಾಶವಿದೆ. ಅಂದರೆ ಕಾನೂನಿನ ಸಿಟ್ಟು ಮಾಂಸದ ಮೇಲಲ್ಲ, ಬಯಲಿಗೆ ಬಿದ್ದ ತ್ಯಾಜ್ಯದ ಮೇಲೆ. ವರ್ಷವಿಡೀ ಕಸ ನೋಡಿಕೊಳ್ಳುವ ಕೆಲಸ ಕಷ್ಟ, ತಿಂಗಳೊಪ್ಪತ್ತು ಅಂಗಡಿ ಮುಚ್ಚಿಸುವುದು ಸುಲಭ. ನಮ್ಮ ಆಡಳಿತ ಸುಲಭದ್ದನ್ನು ಆರಿಸಿಕೊಂಡಿದೆ. ಊರು ಮತ್ತು ವಾಯುನೆಲೆಯ ಸಹಕಾರ ಎಂದು ವೇದಿಕೆ ಮೇಲೆ ಯಾವುದನ್ನು ಹೊಗಳುತ್ತಾರೋ ಅದರ ಬಿಲ್ಲಿನ ದೊಡ್ಡ ಪಾಲನ್ನು ಕಟ್ಟುತ್ತಿರುವವನು ಕೋಳಿ ಅಂಗಡಿಯ ಸಣ್ಣ ವ್ಯಾಪಾರಿ. ಇದು ನ್ಯಾಯವಲ್ಲ.

ಕಸದ ವಿಷಯದಲ್ಲಿ ಈ ಭಾಗದವರಿಗೆ ಮಾವಳ್ಳಿಪುರ ನೆನಪಿರಲೇಬೇಕು. ನಿಲ್ದಾಣದ ಹತ್ತಿರದ ಈ ಹಳ್ಳಿಯಲ್ಲಿ ಬೆಂಗಳೂರು ವರ್ಷಗಟ್ಟಲೆ ಕಸ ಸುರಿಯಿತು. ನೀರು ಕೆಟ್ಟಿತು, ಜನ ಬೀದಿಗಿಳಿದರು. ವಾಯುನೆಲೆಗೆ ಹಕ್ಕಿಗಳ ಅಪಾಯವಿದೆ ಎಂಬ ವಾದವೂ ಅದರ ಜೊತೆ ಸೇರಿತ್ತು. 2012ರಲ್ಲಿ ಅಲ್ಲಿ ಕಸ ಹಾಕುವುದು ನಿಂತಾಗ ಇಡೀ ನಗರದ ಬೀದಿಗಳಲ್ಲಿ ಗುಡ್ಡೆ ಬಿದ್ದದ್ದನ್ನು ಮೂಗು ಮುಚ್ಚಿಕೊಂಡು ನೋಡಿದವರು ನಾವೇ.

ಹಾಗೆಂದು ಹಕ್ಕಿಗಳನ್ನೆಲ್ಲ ಓಡಿಸಿಬಿಡಿ ಎನ್ನುವಂತೆಯೂ ಇಲ್ಲ. ಯಲಹಂಕದಲ್ಲೇ ಪುಟ್ಟೇನಹಳ್ಳಿ ಕೆರೆಯಿದೆ. ಬಣ್ಣದ ಕೊಕ್ಕರೆ, ಬೆಳ್ಳಕ್ಕಿಗಳು ಬರುವ ಈ ಪುಟ್ಟ ಕೆರೆಗೆ 2015ರಲ್ಲಿ ಸರ್ಕಾರ ಪಕ್ಷಿ ಸಂರಕ್ಷಣಾ ಮೀಸಲು ಎಂಬ ಪಟ್ಟ ಕೊಟ್ಟಿತು. ಒಂದೇ ಊರು ಒಂದು ಕೈಯಲ್ಲಿ ಹಕ್ಕಿಗಳನ್ನು ಕರೆಯುತ್ತದೆ, ಇನ್ನೊಂದು ಕೈಯಲ್ಲಿ ದೂರವಿಡುತ್ತದೆ. ಕೆರೆಯ ಹಕ್ಕಿ ನೀರು, ಮರ ನೋಡಿಕೊಂಡು ಇರುತ್ತದೆ. ಕಸದ ಹಕ್ಕಿ ನಮ್ಮನ್ನು ನೋಡಿಕೊಂಡು ಬರುತ್ತದೆ.

ಎನ್‌ಒಸಿ ವಿಷಯವೂ ಒಂದಿಷ್ಟು. ವಿಮಾನ ನಿಲ್ದಾಣಗಳ ಸುತ್ತ 20 ಕಿಲೋಮೀಟರ್‌ವರೆಗೆ ಕಟ್ಟಡಗಳ ಎತ್ತರದ ಮೇಲೆ ಕೇಂದ್ರದ ಕಣ್ಣಿರುತ್ತದೆ. ಅನುಮತಿಯಲ್ಲಿ ಎತ್ತರವನ್ನು ಬರೆಯುವುದು ಸಮುದ್ರಮಟ್ಟದಿಂದ. ಬೆಂಗಳೂರಿನ ನೆಲವೇ 900 ಮೀಟರ್ ಮೇಲಿದೆ. ಹಾಗಾಗಿ ಪತ್ರದಲ್ಲಿ ಒಂಬೈನೂರು ಚಿಲ್ಲರೆ ಮೀಟರ್ ಎಂದು ಕಂಡು ಹಿಗ್ಗಿದವರು ನೆಲದ ಮಟ್ಟ ಕಳೆದ ಮೇಲೆ ತಣ್ಣಗಾಗುತ್ತಾರೆ. ನೀರಿನ ಟ್ಯಾಂಕ್, ಮೊಬೈಲ್ ಟವರ್, ಕಟ್ಟುವಾಗ ನಿಲ್ಲಿಸುವ ಕ್ರೇನ್ ಎಲ್ಲವೂ ಆ ಲೆಕ್ಕದೊಳಗೇ ಬರಬೇಕು.

ನಿಲ್ದಾಣದ ಗೋಡೆಯ ಆಚೆಯಿಂದ ಊರಿಗೆ ಬರುವುದೇನು? 2022ರ ಫೆಬ್ರವರಿ 20, ಭಾನುವಾರ. ನಂದಿಬೆಟ್ಟದ ಬ್ರಹ್ಮಗಿರಿ ಬಂಡೆಯಲ್ಲಿ ಚಾರಣಕ್ಕೆ ಹೋಗಿದ್ದ 19 ವರ್ಷದ ವಿದ್ಯಾರ್ಥಿಯೊಬ್ಬ ಜಾರಿ, ಸುಮಾರು 300 ಅಡಿ ಕೆಳಗಿನ ಬಂಡೆಯ ಅಂಚಿನಲ್ಲಿ ಸಿಕ್ಕಿಕೊಂಡ. ಮೇಲಿಂದ ಇಳಿಯುವಂತಿಲ್ಲ, ಕೆಳಗಿಂದ ಹತ್ತುವಂತಿಲ್ಲ. ಚಿಕ್ಕಬಳ್ಳಾಪುರ ಜಿಲ್ಲಾಡಳಿತ ನೇರ ಯಲಹಂಕ ನಿಲ್ದಾಣವನ್ನು ಕೇಳಿಕೊಂಡಿತು. ಎಂಐ-17 ಹೆಲಿಕಾಪ್ಟರ್ ಹಾರಿತು. ಕಡಿದಾದ ಬಂಡೆಗಳ ನಡುವೆ ಒಬ್ಬ ಮನುಷ್ಯನನ್ನು ಮೇಲಿಂದ ಹುಡುಕುವುದು ಸುಲಭವಲ್ಲ. ಸ್ಥಳೀಯ ಪೊಲೀಸರು ಜಾಗ ತೋರಿಸಿಕೊಟ್ಟರು. ಹೆಲಿಕಾಪ್ಟರ್ ಇಳಿಸಲು ಅಂಗೈಯಗಲ ಸಮತಟ್ಟಿಲ್ಲ. ಗಾಳಿಯಲ್ಲಿ ನಿಂತಲ್ಲೇ ನಿಂತು ಹಗ್ಗ ಬಿಟ್ಟರು, ಫ್ಲೈಟ್ ಗನ್ನರ್ ಒಬ್ಬರು ಅದರಲ್ಲಿ ಜೋತು ಇಳಿದು ಹುಡುಗನನ್ನು ಮೇಲೆತ್ತಿಸಿಕೊಂಡರು. ಯಲಹಂಕಕ್ಕೆ ತಂದು ಅಲ್ಲಿಂದ ಆಸ್ಪತ್ರೆಗೆ. ಇಂಥ ಹೊತ್ತಿನಲ್ಲಿ ಕೆಲಸ ಮಾಡುವುದು ಒಪ್ಪಂದಪತ್ರಕ್ಕಿಂತ ಹೆಚ್ಚಾಗಿ, ಯಾರು ಯಾರಿಗೆ ಫೋನ್ ಮಾಡಬೇಕೆಂಬ ತಿಳಿವಳಿಕೆ.

ಎಡವಿದ್ದೂ ಉಂಟು. 2019ರ ಏರ್ ಶೋ ಯಾರೂ ಮರೆಯುವಂಥದ್ದಲ್ಲ. ಉದ್ಘಾಟನೆಯ ಹಿಂದಿನ ದಿನ, ಫೆಬ್ರವರಿ 19ರ ತಾಲೀಮಿನಲ್ಲಿ ವಾಯುಪಡೆಯ ಕಸರತ್ತು ತಂಡವಾದ ಸೂರ್ಯಕಿರಣದ ಎರಡು ಹಾಕ್ ವಿಮಾನಗಳು ಡಿಕ್ಕಿಯಾಗಿ ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ಸತ್ತರು. ಅವಶೇಷ ಬಿದ್ದದ್ದು ಜನವಸತಿಯ ಇಸ್ರೋ ಬಡಾವಣೆ ಬಳಿ. ನಾಲ್ಕು ದಿನಕ್ಕೆ, 23ರಂದು, ಪಾರ್ಕಿಂಗ್ ಬಯಲಿಗೆ ಬೆಂಕಿ ಹತ್ತಿ ಸುಮಾರು 300 ಕಾರು ಸುಟ್ಟುಹೋದವು. ಅಲ್ಲಿದ್ದದ್ದು ಮೊಳದುದ್ದದ ಒಣಹುಲ್ಲು ಮತ್ತು ಫೆಬ್ರವರಿಯ ಗಾಳಿ. ಆಕಾಶದ ಪ್ರತಿ ಸೆಕೆಂಡನ್ನು ಲೆಕ್ಕ ಹಾಕಿದ ವ್ಯವಸ್ಥೆಯಲ್ಲಿ ಆ ಹುಲ್ಲಿನ ಲೆಕ್ಕ ಮಾತ್ರ ತಪ್ಪಿತ್ತು.

ಆದರೂ 1996ರಿಂದ ಬಂದ ಈ ಪ್ರದರ್ಶನವನ್ನು ಬೆಂಗಳೂರು ಬಿಟ್ಟುಕೊಡಲು ಸಿದ್ಧವಿಲ್ಲ. 2018ರಲ್ಲಿ ಲಖನೌಗೆ ಹೋಗುತ್ತದಂತೆ ಎಂಬ ಸುದ್ದಿಗೆ ಪಕ್ಷಭೇದವಿಲ್ಲದೆ ಎಲ್ಲರೂ ಕೂಗೆಬ್ಬಿಸಿದ್ದರು. ಪ್ರದರ್ಶನದ ದಿನಗಳಲ್ಲಿ ಕೆಂಪೇಗೌಡ ವಿಮಾನ ನಿಲ್ದಾಣದ ಹಾರಾಟವೂ ದಿನಕ್ಕೆ ಕೆಲವು ಗಂಟೆ ನಿಲ್ಲುತ್ತದೆ. 2025ರಲ್ಲಿ ರಷ್ಯಾದ ಸುಖೋಯ್-57, ಅಮೆರಿಕದ ಎಫ್-35 ಎರಡೂ ಒಂದೇ ಬಯಲಿಗೆ ಬಂದಿದ್ದವು. ತಾರಸಿಯ ಮೇಲೆ ಚಾಪೆ ಹಾಸಿ, ಚಿತ್ರಾನ್ನದ ಡಬ್ಬಿ ಬಿಚ್ಚಿ ನೋಡಿದ ಯಲಹಂಕದವರು ಟಿಕೆಟ್ ಕೊಂಡವರಿಗಿಂತ ಕಡಿಮೆ ನೋಡಲಿಲ್ಲ.

ಸೂರ್ಯಕಿರಣದ ತವರು ಬೀದರ್. ಅಲ್ಲಿಯದು ಇನ್ನೊಂದು ಬಗೆಯ ಹೊಂದಾಣಿಕೆ. ರನ್‌ವೇ ವಾಯುಪಡೆಯದು, ಪಕ್ಕದ ಟರ್ಮಿನಲ್ ನಾಗರಿಕರದು. ಹೈದರಾಬಾದ್ ನಿಲ್ದಾಣದ 150 ಕಿಲೋಮೀಟರ್ ಒಳಗೆ ಇನ್ನೊಂದು ನಾಗರಿಕ ನಿಲ್ದಾಣ ಕೂಡದೆಂಬ ಷರತ್ತು ವರ್ಷಗಟ್ಟಲೆ ಅಡ್ಡ ನಿಂತು, ಕೊನೆಗೆ 2020ರ ಫೆಬ್ರವರಿ 7ರಂದು ಮೊದಲ ಪ್ರಯಾಣಿಕ ವಿಮಾನ ಇಳಿಯಿತು. ನಡುವೆ ಸೇವೆ ನಿಂತು ಮತ್ತೆ ಶುರುವಾದದ್ದು ಬೀದರಿನವರಿಗೆ ಗೊತ್ತೇ ಇದೆ. ಹೋದವರು ರನ್‌ವೇ ಕಡೆ ಮೊಬೈಲ್ ಎತ್ತಬೇಡಿ. ಅಲ್ಲಿ ಫೋಟೊ ತೆಗೆಯುವಂತಿಲ್ಲ.

ಎರಡು ವರ್ಷದ ಲೆಕ್ಕ ಹಿಡಿದರೆ ಯಲಹಂಕದ ಮುಂದಿನ ಏರ್ ಶೋ 2027ರ ಫೆಬ್ರವರಿಗೆ. ಅಂಗಡಿ ಮುಚ್ಚಿಸುವ ಆದೇಶದ ಜೊತೆಗೇ ಅಂಗಡಿಯವರಿಗೆ ಪರಿಹಾರವೆಷ್ಟು ಎಂದೂ ಪಾಲಿಕೆ ಬರೆಯಲಿ. ಮತ್ತೆ ಜಕ್ಕೂರು, ಯಲಹಂಕ, ರಾಜಾನುಕುಂಟೆ ಕಡೆಯ ಓದುಗರಲ್ಲಿ ಒಂದು ಕೋರಿಕೆ: ಭಾನುವಾರ ಮನೆಗೆ ಕೋಳಿ ತಂದರೆ ಉಳಿದ ಚರ್ಮ, ಮೂಳೆಯ ಕವರನ್ನು ರಾಜಕಾಲುವೆಗೆ ಎಸೆಯಬೇಡಿ, ಮರುದಿನ ಬೆಳಿಗ್ಗೆ ಹಸಿಕಸದ ಗಾಡಿಗೆ ಹಾಕಿ. ಗಾಡಿ ಬಾರದಿದ್ದರೆ ವಾರ್ಡ್ ಕಚೇರಿಗೆ ಫೋನ್ ಮಾಡಿ, ಬರುವವರೆಗೂ ಬಿಡಬೇಡಿ.