ಗಾಲಿ ಗಟ್ಟಿ ಇದ್ದರ ಸುಗ್ಗಿ ಮನೀಗೆ

ಉಳ್ಳಾಗಡ್ಡಿ ಕೀಳುವ ದಿನಗಳು ಬಂದವೆಂದರೆ ಗದಗ-ಬೆಟಗೇರಿಗೆ ಬರುವ ರಸ್ತೆಗಳ ಮೇಲೆಲ್ಲ ಟ್ರ್ಯಾಕ್ಟರ್‌ಗಳದೇ ರಾಜ್ಯಭಾರ. ಮುಂಡರಗಿಯಿಂದ ಡಂಬಳ ದಾಟಿ ಬರುವವು ಕೆಲವು, ಲಕ್ಷ್ಮೇಶ್ವರದಿಂದ ಮುಳಗುಂದದ ಮೇಲೆ ಹಾಯ್ದು ಬರುವವು ಕೆಲವು, ಶಿರಹಟ್ಟಿ ಕಡೆಯಿಂದ ಬರುವವು ಇನ್ನು ಕೆಲವು. ಎಲ್ಲವುಗಳ ಬೆನ್ನಿಗೂ ಒಂದೊಂದು ಟ್ರೇಲರ್. ಟ್ರೇಲರ್ ತುಂಬ ಚೀಲ, ಚೀಲದ ಮೇಲೆ ಚೀಲ, ಅದರ ಮೇಲೆ ಕಂಬಳಿ ಹೊದ್ದು ಕೂತ ಇಬ್ಬರು ಮೂವರು ಹಮಾಲರು. ಉಳ್ಳಾಗಡ್ಡಿ ಮುಗಿಯುವುದರೊಳಗೆ ಗೋವಿನಜೋಳ, ಅದರ ಬೆನ್ನಿಗೆ ಹತ್ತಿ, ಮೆಣಸಿನಕಾಯಿ. ಮುಂಡರಗಿ ತಾಲೂಕಿನ ಹೊಳೆದಂಡೆಯಲ್ಲಾದರೆ ಕಬ್ಬು.

ಈ ಮೆರವಣಿಗೆಯ ನಡುವೆ ಒಮ್ಮೆಲೇ "ಢಂ" ಎಂಬ ಸಪ್ಪಳ! ಬಸ್ಸಿನಲ್ಲಿ ತೂಕಡಿಸುತ್ತಿದ್ದವರು ಎದ್ದು ಕಿಟಕಿಯಲ್ಲಿ ಇಣುಕುತ್ತಾರೆ. ಮುಂದೆ ಒಂದು ಟ್ರೇಲರ್ ಒಂದು ಬಗಲಿಗೆ ವಾಲಿ ನಿಂತಿದೆ. ಟಾಯರ್ ಸೀಳಿ ಪಟ್ಟಿಪಟ್ಟಿಯಾಗಿದೆ. ಚೀಲಗಳು ಬಿಚ್ಚಿ ಉಳ್ಳಾಗಡ್ಡಿ ಡಾಂಬರಿನ ಮೇಲೆ ಉರುಳಾಡುತ್ತಿದೆ. ಆ ಕಡೆ ನಾಲ್ಕು ಬಸ್ಸು, ಈ ಕಡೆ ನಾಲ್ಕು ಬಸ್ಸು. ಶಾಲೆಗೆ ಹೊರಟ ಹುಡುಗರು, ದವಾಖಾನೆಗೆ ಹೊರಟ ಬಾಣಂತಿ, ಅಂಗಡಿ ಬಾಗಿಲು ತೆರೆಯಬೇಕಾದ ಸಾಹುಕಾರರು, ಎಲ್ಲರೂ ಅಲ್ಲಿಯೇ. ಟ್ರ್ಯಾಕ್ಟರಿನ ಯಜಮಾನ ಮಾತ್ರ ತಲೆಯ ಮೇಲೆ ಕೈ ಹೊತ್ತು ರಸ್ತೆಯ ಬದಿಗೆ ಕೂತಿದ್ದಾನೆ. ಮಧ್ಯಾಹ್ನದೊಳಗೆ ಪೇಟೆ ಮುಟ್ಟದಿದ್ದರೆ ಇಂದಿನ ರೇಟು ಹೋಯಿತು. ನಾಳೆಯದು ಯಾರ ಕೈಯಲ್ಲಿದೆ?

ಸುಗ್ಗಿಯಲ್ಲಿ ಈ ದಾರಿಗಳಲ್ಲಿ ತಿರುಗಾಡುವವರಿಗೆ ಇದು ಹೊಸ ದೃಶ್ಯವಲ್ಲ. "ನಸೀಬ ಖೋಟಿ" ಎಂದು ನಾಲ್ಕು ಮಂದಿ ನಿಟ್ಟುಸಿರು ಬಿಡುತ್ತಾರೆ. ನಸೀಬು ಇರಬಹುದು. ಆದರೆ ಮುಕ್ಕಾಲು ಪಾಲು ಟಾಯರಿನದು, ಅದನ್ನು ಆರಿಸಿ ತಂದ ಕಣ್ಣಿನದು!

ಮಲಮಗನಾದ ಟ್ರೇಲರ್

ಟ್ರ್ಯಾಕ್ಟರಿನ ಮೇಲೆ ಇರುವಷ್ಟು ಮಮತೆ ಟ್ರೇಲರಿನ ಮೇಲೆ ಯಾರಿಗೂ ಇಲ್ಲ. ಟ್ರ್ಯಾಕ್ಟರಿಗೆ ಅಮವಾಸ್ಯೆಗೊಮ್ಮೆ ಪೂಜೆ, ಹೊತ್ತಿಗೆ ಸರಿಯಾಗಿ ಆಯಿಲ್. ಟ್ರೇಲರಿಗೆ ಮಾತ್ರ ಲಾರಿಯವರು ಬಿಚ್ಚಿ ಒಗೆದ ಟಾಯರು. "ಎಂಜಿನ್ ಇಲ್ಲ, ಸ್ಟೇರಿಂಗ್ ಇಲ್ಲ, ಹಿಂದ ಹಿಂದ ಬರೂದು, ಅದಕ್ಯಾಕ ಹೊಸಾದು?" ಎಂಬುದು ಊರಿಗೆಲ್ಲ ಬಾಯಿಪಾಠವಾದ ಮಾತು.

ಚಕ್ಕಡಿಯ ಕಾಲದಲ್ಲಿ ಹೀಗಿರಲಿಲ್ಲ. ಸುಗ್ಗಿಗೆ ಮೊದಲು ಬಡಿಗನನ್ನು ಕರೆಸಿ ಗಾಲಿ ತೋರಿಸುತ್ತಿದ್ದರು. ಹಳಿ ಸಡಿಲಾಗಿದ್ದರೆ ಕಮ್ಮಾರನ ಮನೆಗೆ ಹೊರಳಿಸಿಕೊಂಡು ಹೋಗುತ್ತಿದ್ದರು. ಅಚ್ಚಿಗೆ ಎಣ್ಣೆ ಹಾಕದೆ ಎತ್ತು ಹೂಡುತ್ತಿರಲಿಲ್ಲ. ಆ ಚಕ್ಕಡಿ ಹೊರುತ್ತಿದ್ದುದು ಹತ್ತಿಪ್ಪತ್ತು ಚೀಲ, ಅದೂ ಎತ್ತಿನ ನಡಿಗೆಯಲ್ಲಿ. ಇಂದಿನ ಟ್ರೇಲರ್ ಹೊರುವುದು ನೂರು ಚೀಲ, ಅದೂ ಬಸ್ಸಿನ ಬೆನ್ನು ಹತ್ತಿ. ಭಾರ ಐದು ಪಟ್ಟಾಯಿತು, ಗಾಲಿ ನೋಡುವ ಕಣ್ಣು ಮಾತ್ರ ಹೋಯಿತು.

ಮುಳಗುಂದ ನಾಕಾದ ಕಡೆಯ ಒಂದು ಟಾಯರ್ ಅಂಗಡಿ. ಶಿರಹಟ್ಟಿ ಕಡೆಯ ಒಬ್ಬ ರೈತರು ಮಗನೊಂದಿಗೆ ಬಂದಿದ್ದಾರೆ. ಎರಡು ಗಾಲಿಯ ಟ್ರೇಲರ್. ಹೋದ ಸುಗ್ಗಿಯಲ್ಲಿ ಒಂದು ಟಾಯರ್ ದಾರಿಯಲ್ಲೇ ಒಡೆದು ಅರ್ಧ ಮಾಲು ಕಳೆದುಕೊಂಡವರು.

"ಹಳೇವು ಎರಡು ಕೊಡ್ರಿ ಸಾಹುಕಾರ್ರ, ಈ ಸುಗ್ಗಿ ಒಂದ ತಗದ್ರ ಸಾಕು."

ಅಂಗಡಿಯ ಮಿಸ್ತ್ರಿಗೆ ವಯಸ್ಸಾಗಿದೆ. ಅವರು ಕೈಯಲ್ಲಿದ್ದ ಪಾನಾ ಕೆಳಗಿಟ್ಟು ಕೇಳಿದರು: "ಎಷ್ಟು ಚೀಲ ಹೇರ್ತೀರಿ, ಮೊದಲ ಅದನ್ನ ಹೇಳ್ರಿ."

"ನೂರು."

"ಚೀಲ ಎಷ್ಟು ತೂಗತೈತ್ರಿ?"

ರೈತರು ಮಗನ ಮುಖ ನೋಡಿದರು. ಮಗ ಹೇಳಿದ: "ಐವತ್ತೈದು ಕೇಜಿ ಹಿಡೀರಿ ಕಾಕಾ."

ಚೀಲದ ಲೆಕ್ಕ, ಗಾಲಿಯ ಲೆಕ್ಕ

ಮಿಸ್ತ್ರಿ ಅಂಗಡಿಯ ಬಾಗಿಲ ಮೇಲೆ ಸೀಮೆಸುಣ್ಣದಿಂದ ಬರೆದ ಲೆಕ್ಕವನ್ನು ಟ್ರೇಲರ್ ಇರುವ ಪ್ರತಿಯೊಬ್ಬರೂ ಒಮ್ಮೆ ಹಾಕಿ ನೋಡಬೇಕು. ನೂರು ಚೀಲಕ್ಕೆ 5,500 ಕಿಲೋ. ಖಾಲಿ ಟ್ರೇಲರಿನ ತೂಕ 1,500 ಕಿಲೋ ಹಿಡಿದರೆ ಒಟ್ಟು 7,000 ಕಿಲೋ. ಎರಡು ಗಾಲಿಯ ಟ್ರೇಲರಿನಲ್ಲಿ ಸ್ವಲ್ಪ ಭಾರ ಹುಕ್ಕಿನ ಮೂಲಕ ಟ್ರ್ಯಾಕ್ಟರಿನ ಮೇಲೆ ಬೀಳುತ್ತದೆ. ಅದನ್ನು ಒಂದು ಟನ್ ಎಂದು ಬಿಟ್ಟರೂ ಉಳಿದದ್ದು 6,000. ಅಂದರೆ ಒಂದೊಂದು ಟಾಯರಿನ ಮೇಲೆ 3,000 ಕಿಲೋ!

ಇನ್ನು ಟಾಯರ್ ಏನು ಹೇಳುತ್ತದೆ? ಅದರ ಬಗಲಲ್ಲಿ ಒಂದು ನಂಬರು, ನಂಬರಿನ ಪಕ್ಕಕ್ಕೆ ಒಂದು ಅಕ್ಷರ ಅಚ್ಚಾಗಿರುತ್ತದೆ. 141 ಎ8 ಎಂದಿದ್ದರೆ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ 2,575 ಕಿಲೋ ಹೊರಬಲ್ಲದು ಎಂದರ್ಥ. 146 ಎಂದಿದ್ದರೆ 3,000 ಕಿಲೋ. ಕೆಲವು ಟಾಯರುಗಳ ಮೇಲೆ ಕಿಲೋ ಲೆಕ್ಕವನ್ನೇ ನೇರವಾಗಿ ಬರೆದಿರುತ್ತಾರೆ, ಎಷ್ಟು ಹವಾ ಇದ್ದಾಗ ಎಂಬುದನ್ನೂ ಪಕ್ಕದಲ್ಲಿಯೇ ಬರೆದಿರುತ್ತಾರೆ.

141ರ ಟಾಯರಿಗೆ ನೂರು ಚೀಲ ಹೇರಿದರೆ ಒಂದೊಂದು ಗಾಲಿಗೆ 425 ಕಿಲೋ ಹೆಚ್ಚಾಯಿತು. ಹಾಗೆಂದು ಅದು ಅಂಗಡಿ ಮುಂದೆಯೇ ಒಡೆಯುವುದಿಲ್ಲ. ಒಂದು ಸಲ ತಡೆಯುತ್ತದೆ, ಎರಡು ಸಲ ತಡೆಯುತ್ತದೆ, ಮೂರನೇ ಸಲ ಮಟಮಟ ಮಧ್ಯಾಹ್ನ ರಸ್ತೆಯ ತಗ್ಗಿನಲ್ಲಿ ಕೈ ಕೊಡುತ್ತದೆ. ಒಂದೋ ಹೆಚ್ಚು ಹೊರುವ ಟಾಯರ್ ಹಾಕಬೇಕು, ಇಲ್ಲವೇ ಇಪ್ಪತ್ತು ಚೀಲ ಇಳಿಸಬೇಕು. ಮೂರನೇ ದಾರಿ ಇಲ್ಲ.

"ಎರಡು ಸಲ ತಿರಗಾಡಿದ್ರ ಡೀಜಲ್ ಯಾರು ಕೊಡ್ತಾರ್ರಿ?" ಎಂದು ರೈತರು ಕೇಳಿದ್ದು ಸುಳ್ಳಲ್ಲ. ಈ ಪ್ರಶ್ನೆಗೆ ಉತ್ತರ ಟಾಯರ್ ಅಂಗಡಿಯಲ್ಲಿ ಸಿಗುವುದಿಲ್ಲ. ಆದರೆ ಹೋದ ವರ್ಷ ರಸ್ತೆಗೆ ಚೆಲ್ಲಿದ ಮಾಲಿನ ಲೆಕ್ಕ ಅವರಿಗೇ ಗೊತ್ತು.

ಬಗಲಲ್ಲಿ ಬರೆದ ಜಾತಕ

ಕನ್ಯೆ ನೋಡುವಾಗ ಜಾತಕ ನೋಡುವ ಮಂದಿ ಟಾಯರಿನ ಜಾತಕ ನೋಡುವುದಿಲ್ಲ. ಅದು ಬಗಲಲ್ಲಿಯೇ ಬರೆದಿದೆ.

ಮೊದಲನೆಯದು ಅಳತೆ. 9.00-16 ಎಂದರೆ ಟಾಯರಿನ ಅಗಲ 9 ಇಂಚು, ಒಳಗಿನ ರಿಮ್ಮು 16 ಇಂಚು. ಎರಡು ಬಗಲಿಗೂ ಒಂದೇ ಅಳತೆ ಇರಬೇಕು. ಎಡಕ್ಕೆ ಎತ್ತರದ್ದು, ಬಲಕ್ಕೆ ಸವೆದದ್ದು ಹಾಕಿದರೆ ಟ್ರೇಲರ್ ವಾಲಿ ಭಾರವೆಲ್ಲ ಒಂದರ ಮೇಲೆ ಬೀಳುತ್ತದೆ. ನೈಲಾನ್ ಒಂದು ಕಡೆ, ರೇಡಿಯಲ್ ಒಂದು ಕಡೆ ಹಾಕುವುದೂ ತಪ್ಪು. ಎರಡರ ಮೈಗುಣ ಬೇರೆ.

ಎರಡನೆಯದು ಪಿ.ಆರ್. ಎಂಬ ಅಕ್ಷರ. 14 ಪಿ.ಆರ್., 16 ಪಿ.ಆರ್. ಎಂದು ಇರುತ್ತದೆ. ಹಿಂದೆ ಟಾಯರಿನೊಳಗೆ ಎಷ್ಟು ಪದರು ಹತ್ತಿ ನೂಲಿನ ಬಟ್ಟೆ ಇದೆ ಎಂಬ ಲೆಕ್ಕ ಅದು. ಇಂದು ಪದರು ಎಣಿಸುವುದಿಲ್ಲ, ಗಟ್ಟಿತನದ ಗುರುತು ಮಾತ್ರ. ಅಳತೆ ಒಂದೇ ಇದ್ದರೂ ಪಿ.ಆರ್. ಕಡಿಮೆ ಇದ್ದದ್ದು ಕಡಿಮೆ ಹೊರುತ್ತದೆ. ಅಗ್ಗ ಎಂದು ಕೊಡುವಲ್ಲಿ ಈ ಆಟ ನಡೆಯುತ್ತದೆ, ನೋಡಿಕೊಳ್ಳಬೇಕು.

ಮೂರನೆಯದು ಎ.ಡಿ.ವಿ. ಎಂಬ ಅಕ್ಷರ. ಇದಿದ್ದರೆ ಅದು ಟಾಯರ್ ಗಾಡಿಯದು, ಅಂದರೆ ಎತ್ತು ಎಳೆಯುವ ಗಾಡಿಗೆ ಮಾಡಿದ್ದು. ಎತ್ತಿನ ನಡಿಗೆಗೆ ಅದು ಗಟ್ಟಿ. ಟ್ರ್ಯಾಕ್ಟರಿನ ಓಟಕ್ಕೆ ಅಲ್ಲ.

ನಾಲ್ಕನೆಯದು ಹುಟ್ಟಿದ ದಿನ. ಸಣ್ಣ ಚೌಕಟ್ಟಿನಲ್ಲಿ ನಾಲ್ಕು ಅಂಕೆ ಇರುತ್ತವೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದಲ್ಲಿ ತಯಾರಾದದ್ದು. ರಬ್ಬರಿಗೆ ವಯಸ್ಸಾಗುತ್ತದೆ. ಓಡದೆ ಅಟ್ಟದ ಮೇಲೆ ಕೂತರೂ ಆಗುತ್ತದೆ, ಬಿಸಿಲಿಗೆ ನಿಂತರಂತೂ ಬೇಗ ಆಗುತ್ತದೆ. ಬಗಲಲ್ಲಿ ಸಣ್ಣ ಸಣ್ಣ ಬಿರುಕು ಬಿಟ್ಟಿದ್ದರೆ, ಕಚ್ಚು ಎಷ್ಟೇ ಆಳವಿರಲಿ, ಅದು ಮುದುಕ. ಬೇಸಿಗೆಯುದ್ದಕ್ಕೂ ಹೊಲದ ಬದುವಿನ ಮೇಲೆ ನಿಲ್ಲುವ ಟ್ರೇಲರುಗಳಿಗೆ ಈ ರೋಗ ಜಾಸ್ತಿ. ಭಾರ ಇಳಿಸಿ, ನೆರಳಿಗೆ ನಿಲ್ಲಿಸಿದರೆ, ಕನಿಷ್ಠ ಗಾಲಿಗೆ ಒಂದು ಹಳೇ ಗೋಣಿತಟ್ಟು ಹೊದಿಸಿದರೆ ಬಾಳಿಕೆ ಹೆಚ್ಚುತ್ತದೆ.

ರಿಮೋಲ್ಡ್ ಕೆಟ್ಟದ್ದೇ?

ಎಲ್ಲರಿಗೂ ಹೊಸ ಜೋಡಿ ಕೊಳ್ಳುವ ತಾಕತ್ತು ಇರುವುದಿಲ್ಲ. ರಿಮೋಲ್ಡ್ ಎಂದರೆ ಮೂಗು ಮುರಿಯಬೇಕಾಗಿಯೂ ಇಲ್ಲ. ಸಾರಿಗೆ ಸಂಸ್ಥೆಗಳ ಬಸ್ಸುಗಳೂ ಹಿಂದಿನ ಗಾಲಿಗೆ ರಿಮೋಲ್ಡ್ ಹಾಕಿಕೊಂಡೇ ಓಡುತ್ತವೆ. ಆದರೆ ಅಲ್ಲಿ ಒಂದು ಶಿಸ್ತು ಇದೆ. ಮೊದಲು ಹಳೇ ಟಾಯರಿನ ಅಸ್ತಿಪಂಜರ ಗಟ್ಟಿ ಇದೆಯೇ ಎಂದು ನೋಡಿ ಆಮೇಲೆ ಮೇಲಿನ ರಬ್ಬರು. ಅಸ್ತಿಪಂಜರವೇ ಲಡ್ಡಾಗಿದ್ದರೆ ಮೇಲೆ ಎಷ್ಟು ಕರಿ ರಬ್ಬರ್ ಬೇಯಿಸಿ ಅಂಟಿಸಿದರೇನು? ಮುದುಕನಿಗೆ ಮದುವಣಿಗನ ಪೇಟಾ ಸುತ್ತಿದಂತೆ!

ರಿಮೋಲ್ಡ್ ಕೊಳ್ಳುವಾಗ ಟಾಯರಿನ ಹೊಟ್ಟೆಯೊಳಗೆ ಕೈ ಹಾಕಿ ಸವರಬೇಕು. ಒಳಗೆ ದಪ್ಪ ತೇಪೆ, ಮಿಸ್ತ್ರಿಗಳ ಮಾತಿನಲ್ಲಿ ಗೇಟರ್, ಇದ್ದರೆ ಅಲ್ಲಿ ಹಿಂದೆ ಸೀಳಿತ್ತು ಎಂದು ತಿಳಿಯಬೇಕು. ಬಗಲಲ್ಲಿ ಉಬ್ಬು ಇದ್ದರೆ, ನೂಲು ಇಲ್ಲವೇ ತಂತಿ ಹೊರಗೆ ಇಣುಕುತ್ತಿದ್ದರೆ, ರಿಮ್ಮಿಗೆ ಕೂಡುವ ಅಂಚಿನ ತಂತಿ ಮುರಿದಿದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಹೊಸ ರಬ್ಬರ್ ಪಟ್ಟಿ ಹಳೆಯದಕ್ಕೆ ಕೂಡಿದ ಸಂದಿಯಲ್ಲಿ ಉಗುರು ಹೋಗುವಂತಿದ್ದರೆ ಅದೂ ಬೇಡ.

ಸವೆತಕ್ಕೆ ಕಾನೂನೂ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ದೊಡ್ಡ ವಾಹನಗಳ ಟಾಯರಿನ ಕಚ್ಚು 1.6 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಹಲವು ಟಾಯರುಗಳ ಕಚ್ಚಿನ ತಳದಲ್ಲಿ ಒಂದು ಸಣ್ಣ ದಿಂಡು ಇರುತ್ತದೆ. ಮೇಲ್ಮೈ ಸವೆದು ಆ ದಿಂಡಿಗೆ ಸಮನಾಯಿತೆಂದರೆ ಟಾಯರಿನ ಋಣ ತೀರಿತು. ಎರೆ ನೆಲದ ರಾಡಿ ಮೆತ್ತಿಕೊಂಡು ಡಾಂಬರಿಗೆ ಏರುವ ಬೋಳು ಟಾಯರ್ ಬ್ರೇಕಿಗೆ ನಿಲ್ಲುವುದಿಲ್ಲ, ಜಾರುತ್ತದೆ.

ಹವಾ ಇಲ್ಲದ ಹೋರಿ

ಒಳ್ಳೆಯ ಟಾಯರನ್ನು ಕೊಲ್ಲುವ ಸುಲಭದ ದಾರಿ ಎಂದರೆ ಹವಾ ನೋಡದೆ ಓಡಿಸುವುದು. ಹವಾ ಕಡಿಮೆ ಇದ್ದರೆ ಪ್ರತಿ ಸುತ್ತಿಗೂ ಟಾಯರಿನ ಬಗಲು ಮಡಚಿ ಬಿಚ್ಚುತ್ತದೆ. ತಂತಿಯನ್ನು ಹತ್ತು ಸಲ ಮಡಚಿ ಬಿಚ್ಚಿದರೆ ಹೇಗೆ ಬಿಸಿಯಾಗುತ್ತದೋ ಹಾಗೆ ರಬ್ಬರ್ ಒಳಗೊಳಗೇ ಕಾಯುತ್ತದೆ. ಕಾಯ್ದ ರಬ್ಬರ್ ಪದರು ಬಿಡುತ್ತದೆ. ಹೆಚ್ಚು ಭಾರ, ಹೆಚ್ಚು ಓಟ, ಮುಂಡರಗಿ ಕಡೆಯ ಬಿಸಿಲು, ಇವು ಮೂರೂ ಕೂಡಿದರೆ ಕೇಳುವುದೇ ಬೇಡ.

ಕಣ್ಣಳತೆಯಲ್ಲಿ ಇಲ್ಲವೇ ಕಾಲಿಂದ ಒದ್ದು ಹವಾ ನೋಡುವ ರೂಢಿ ಬಿಡಬೇಕು. ಮೀಟರ್ ಹಚ್ಚಿ, ಬೆಳಿಗ್ಗೆ ಟಾಯರ್ ತಣ್ಣಗಿದ್ದಾಗ ನೋಡಬೇಕು. ದಾರಿಯಲ್ಲಿ ಕಾಯ್ದು ಹವಾ ಏರಿತೆಂದು ಬಿಚ್ಚಿ ಬಿಡುವವರಿದ್ದಾರೆ. ತಣ್ಣಗಾದ ಮೇಲೆ ಅದೇ ಟಾಯರ್ ಸೊರಗುತ್ತದೆ. ದಾರಿಯಲ್ಲಿ ಚಹಾಕ್ಕೆ ನಿಂತಾಗ ಟಾಯರಿಗೂ ಹಬ್ಬಿಗೂ ಹತ್ತಿರ ಕೈ ಹಿಡಿದು ನೋಡಬೇಕು. ಒಂದು ಬಗಲು ಬೆಚ್ಚಗಿದ್ದು ಇನ್ನೊಂದು ಸುಡುತ್ತಿದ್ದರೆ ಹವಾ ಸೋರುತ್ತಿದೆ, ಇಲ್ಲವೇ ಬೇರಿಂಗಿಗೆ ಗ್ರೀಸ್ ಇಲ್ಲ. ಚಕ್ಕಡಿಯ ಅಚ್ಚಿಗೆ ಎಣ್ಣೆ ಹಾಕಿದ ಅಜ್ಜಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಜೀವದ ಮಾತು

ಮಾಲು ಹೋದರೆ ಮುಂದಿನ ಬೆಳೆ ಇದೆ. ಟ್ರೇಲರಿನಲ್ಲಿ ಮಂದಿ ಕೂತಿದ್ದರೆ? ಶಿರಹಟ್ಟಿಯ ಫಕೀರೇಶ್ವರನ ಜಾತ್ರೆಗೆ, ಲಗ್ನದ ದಿಬ್ಬಣಕ್ಕೆ, ಕಳೆ ತೆಗೆಯಲು, ಮೆಣಸಿನಕಾಯಿ ಬಿಡಿಸಲು ಹೋಗುವ ಹೆಣ್ಣುಮಕ್ಕಳು ಟ್ರೇಲರಿನಲ್ಲೇ ನಿಂತು ಹೋಗುತ್ತಾರೆ. ಮಾಲಿನ ಗಾಡಿಯಲ್ಲಿ ಮಂದಿ ಸಾಗಿಸುವುದು ಕಾನೂನಿಗೆ ವಿರುದ್ಧ. ವಿಮೆಯ ಹಣಕ್ಕೂ ಕೋರ್ಟು ಮೆಟ್ಟಿಲು ಹತ್ತಬೇಕಾಗುತ್ತದೆ. ಬಸ್ಸು ಹೊತ್ತಿಗೆ ಬರದ ಊರುಗಳಲ್ಲಿ ಬೇರೆ ದಾರಿ ಏನು ಎಂದು ಅವರು ಕೇಳಿದರೆ ಅದಕ್ಕೆ ಉತ್ತರ ಕೊಡಬೇಕಾದವರು ಬೇರೆ. ಆದರೆ ಎರಡು ಗಾಲಿಯ ಟ್ರೇಲರಿನ ಒಂದು ಟಾಯರ್ ಒಡೆದರೆ ಆಸರೆಗೆ ಇನ್ನೊಂದು ಗಾಲಿ ಇಲ್ಲ ಎಂಬುದನ್ನು ಮಾತ್ರ ಯಾರೂ ಮರೆಯಬಾರದು.

ಅಂಗಡಿಯಲ್ಲಿ ಲೆಕ್ಕ ಮುಗಿದಿತ್ತು. ರೈತರು ಬಾಗಿಲ ಮೇಲಿನ ಸೀಮೆಸುಣ್ಣದ ಅಂಕೆಗಳನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅಂಗಿಯ ಒಳಜೇಬಿನಿಂದ ರುಮಾಲಿನ ಗಂಟು ತೆಗೆದರು.

"ಹೊಸಾವ ಜೋಡಿ ಹಾಕ್ರಿ. ಅರ್ಧ ಈಗ, ಅರ್ಧ ಮಾಲು ಹೋದ ಮ್ಯಾಲೆ."

ಸಾಹುಕಾರರು ಒಪ್ಪಿದರು. ಮಿಸ್ತ್ರಿ ಜಾಕ್ ಏರಿಸುತ್ತ ಕೇಳಿದರು: "ಮತ್ತ ಚೀಲ ಎಷ್ಟು ಹೇರ್ತೀರಿ?"

"ನೀವು ಹೇಳಿದಂಗ ಎಂಬತ್ತು."

ಹಿಂದೆ ನಿಂತ ಮಗ ನಕ್ಕ. "ಎಂಬತ್ತೈದು ಅಂತಾನ ನೋಡ್ರಿ ಕಾಕಾ, ಹೊಲಕ್ಕ ಹೋದ ಮ್ಯಾಲೆ!"

ಮಿಸ್ತ್ರಿ ನಗಲಿಲ್ಲ. ಬಿಚ್ಚಿ ಹಾಕಿದ ಹಳೇ ಟಾಯರನ್ನು ಹೊರಳಿಸಿ, ಅದರ ಬಗಲಲ್ಲಿ ಮುಷ್ಟಿಯಷ್ಟು ಎದ್ದ ಉಬ್ಬನ್ನು ಹುಡುಗನಿಗೆ ತೋರಿಸಿದರು. ಹುಡುಗ ಅದರ ಮೇಲೆ ಕೈ ಇಟ್ಟು ನೋಡಿದ. ನಗು ನಿಂತಿತು.

"ಎಂಬತ್ತ," ಎಂದ.