ಒಂದೇ ಪದ, ಎರಡು ಅರ್ಥಲೋಕ: ಮೋರ್ಮನ್ ಶ್ರದ್ಧೆ ಮತ್ತು ಬೈಬಲ್ ಪರಂಪರೆಯ ಕ್ರೈಸ್ತಧರ್ಮ

2001ರಲ್ಲಿ ವ್ಯಾಟಿಕನ್ನಿನ ಶ್ರದ್ಧಾಸಿದ್ಧಾಂತ ಮಂಡಲಿಯ ಮುಂದೆ ಒಂದು ಪ್ರಶ್ನೆಯಿತ್ತು. ಮೋರ್ಮನ್ ಸಭೆಯಲ್ಲಿ ನೀಡುವ ದೀಕ್ಷಾಸ್ನಾನವನ್ನು ಸಿಂಧುವೆಂದು ಪರಿಗಣಿಸಬಹುದೇ ಎಂಬುದೇ ಆ ಪ್ರಶ್ನೆ. ಮಂಡಲಿಯ ಉತ್ತರ ನಿಷೇಧಾತ್ಮಕವಾಗಿತ್ತು. ಹೊರನೋಟಕ್ಕೆ ಇದು ಅಚ್ಚರಿಯ ತೀರ್ಪು. ಕಥೋಲಿಕ ಸಂಪ್ರದಾಯವು ಪ್ರಾಟೆಸ್ಟೆಂಟರ ದೀಕ್ಷಾಸ್ನಾನವನ್ನು ಸಾಮಾನ್ಯವಾಗಿ ಒಪ್ಪುತ್ತದೆ. ಆಪತ್ಕಾಲದಲ್ಲಿ ಕ್ರೈಸ್ತೇತರನೊಬ್ಬನು ನೀರನ್ನು ಬಳಸಿ, ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ, ಸಭೆಯ ಉದ್ದೇಶವನ್ನೇ ಇಟ್ಟುಕೊಂಡು ನೀಡಿದರೂ ಅದು ಸಿಂಧುವೇ. ಮೋರ್ಮನ್ನರು ಬಳಸುವುದೂ ನೀರನ್ನೇ, ಹೇಳುವುದೂ ಅದೇ ಮೂರು ಹೆಸರುಗಳನ್ನೇ. ಹಾಗಿದ್ದರೂ ಒಪ್ಪಿಗೆ ದೊರೆಯಲಿಲ್ಲ. ಆ ಹೆಸರುಗಳು ಸೂಚಿಸುವ ಅರ್ಥ ಬೇರೆ ಎಂಬುದೇ ಅದಕ್ಕೆ ನೀಡಲಾದ ಮುಖ್ಯ ಕಾರಣ. ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ಸಭೆಯು 2000ದಲ್ಲಿಯೇ ಇಂಥ ನಿಲುವನ್ನು ತಳೆದಿತ್ತು.

ಶಬ್ದ ಒಂದೇ ಆಗಿದ್ದು ಅರ್ಥ ಭಿನ್ನವಾಗುವ ಈ ಸ್ಥಿತಿಯನ್ನು ಹಿಡಿದು ಎರಡು ಶ್ರದ್ಧೆಗಳನ್ನು ಹೋಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇಲ್ಲಿ 'ಪರಂಪರಾಗತ ಕ್ರೈಸ್ತಧರ್ಮ' ಎಂದರೆ ಬೈಬಲನ್ನು ಪ್ರಮಾಣವಾಗಿಟ್ಟುಕೊಂಡು, 325ರ ನೈಸಿಯಾ ಮತ್ತು 381ರ ಕಾನ್‌ಸ್ಟಾಂಟಿನೋಪಲ್ ಸಭೆಗಳ ವಿಶ್ವಾಸಪ್ರಮಾಣವನ್ನು ಒಪ್ಪುವ ಕಥೋಲಿಕ, ಆರ್ಥೊಡಾಕ್ಸ್ ಹಾಗೂ ಪ್ರಾಟೆಸ್ಟೆಂಟ್ ಸಭೆಗಳು. ಇನ್ನೊಂದು ಕಡೆಯಲ್ಲಿರುವುದು ಜೋಸೆಫ್ ಸ್ಮಿತ್ 1830ರ ಏಪ್ರಿಲ್ 6ರಂದು ನ್ಯೂಯಾರ್ಕ್ ಸಂಸ್ಥಾನದಲ್ಲಿ ಸ್ಥಾಪಿಸಿದ ಸಭೆ. 'ಅಂತ್ಯಕಾಲದ ಸಂತರ ಯೇಸುಕ್ರಿಸ್ತನ ಸಭೆ' ಎಂಬುದು ಅದರ ಪೂರ್ಣನಾಮದ ಅರ್ಥ. 'ಮೋರ್ಮನ್' ಎಂಬ ಅಡ್ಡಹೆಸರನ್ನು ಬಿಡಬೇಕೆಂದು ಅದರ ಅಧ್ಯಕ್ಷರು 2018ರಲ್ಲಿ ಕೋರಿದ್ದಾರೆ. ಓದುಗರಿಗೆ ಪರಿಚಿತವೆಂಬ ಒಂದೇ ಕಾರಣದಿಂದ ಆ ಪದವನ್ನು ಇಲ್ಲಿ ಉಳಿಸಿಕೊಳ್ಳಲಾಗಿದೆ.

ಮೊದಲು 'ದೇವರು' ಎಂಬ ಪದ. ನೈಸಿಯಾ ಪರಂಪರೆಯಲ್ಲಿ ತಂದೆ, ಮಗ, ಪವಿತ್ರಾತ್ಮ ಎಂಬ ಮೂವರು ವ್ಯಕ್ತಿಗಳು ಒಂದೇ ಸತ್ತ್ವದವರು; ದೇವರು ಒಬ್ಬನೇ, ಅಶರೀರಿ, ಆದಿಯಿಲ್ಲದವನು. ಮೋರ್ಮನ್ ಬೋಧನೆಯಲ್ಲಿ ಮೂವರೂ ಬೇರೆ ಬೇರೆ. ಅವರ ಐಕ್ಯ ಉದ್ದೇಶದ ಐಕ್ಯವೇ ಹೊರತು ಸತ್ತ್ವದ್ದಲ್ಲ. ತಂದೆಗೆ ಮಾಂಸ ಮತ್ತು ಮೂಳೆಗಳಿರುವ ಪರಿಪೂರ್ಣ ದೇಹವಿದೆಯೆಂದು ಸ್ಮಿತ್ 1843ರಲ್ಲಿ ಬೋಧಿಸಿದನು. ಎರಡು ಪಕ್ಷಗಳೂ ಬೈಬಲನ್ನೇ ಆಧಾರವಾಗಿ ಮುಂದಿಡುತ್ತವೆ. ಯೋಹಾನನ ಸುವಾರ್ತೆಯ 17ನೆಯ ಅಧ್ಯಾಯದಲ್ಲಿ, ತಾನೂ ತಂದೆಯೂ ಒಂದಾಗಿರುವಂತೆ ಶಿಷ್ಯರೂ ಒಂದಾಗಿರಲಿ ಎಂದು ಯೇಸು ಪ್ರಾರ್ಥಿಸುತ್ತಾನೆ. ಶಿಷ್ಯರ ಐಕ್ಯ ಮನಸ್ಸಿನದಾಗಿರುವಾಗ ದೇವರದೂ ಅಂಥದೇ ಆಗಿರಬೇಕು ಎಂಬುದು ಮೋರ್ಮನ್ ವಾದ. ಪರಂಪರೆಯವರು ಧರ್ಮೋಪದೇಶಕಾಂಡದ 6ನೆಯ ಅಧ್ಯಾಯದ ಏಕದೇವ ಘೋಷಣೆಯನ್ನೂ, ದೇವರು ಆತ್ಮಸ್ವರೂಪನೆಂಬ ಯೋಹಾನನ 4ನೆಯ ಅಧ್ಯಾಯದ ಮಾತನ್ನೂ ಮುಂದೊಡ್ಡುತ್ತಾರೆ. ಒಂದೊಂದು ವಾಕ್ಯವನ್ನೇ ಬಿಡಿಯಾಗಿ ಹಿಡಿದರೆ ಈ ವಾದ ಮುಗಿಯುವಂಥದಲ್ಲ. ಆದರೆ ಏಕದೇವನಿಷ್ಠೆ ಹಳೆಯ ಒಡಂಬಡಿಕೆಯ ಬೆನ್ನೆಲುಬಾಗಿರುವುದರಿಂದ, ಇಡಿಯ ಗ್ರಂಥದ ಓದಿಗೆ ಪರಂಪರೆಯ ವ್ಯಾಖ್ಯಾನವೇ ಹೆಚ್ಚು ಹೊಂದುತ್ತದೆಂದು ನನಗೆ ತೋರುತ್ತದೆ.

ಇದಕ್ಕಿಂತ ಆಳವಾದ ಬಿರುಕು ಸೃಷ್ಟಿಯ ವಿಷಯದಲ್ಲಿದೆ. ಪರಂಪರೆಯ ಪ್ರಕಾರ ದೇವರು ಶೂನ್ಯದಿಂದ ಜಗತ್ತನ್ನು ಸೃಷ್ಟಿಸಿದನು; ಸೃಷ್ಟಿಕರ್ತನಿಗೂ ಸೃಷ್ಟಿಗೂ ನಡುವಿನ ಅಂತರ ಎಂದಿಗೂ ಅಳಿಯದು. 1844ರ ಏಪ್ರಿಲ್ 7ರಂದು ನಾವೂ ಎಂಬ ಊರಿನಲ್ಲಿ ಮಾಡಿದ ಪ್ರವಚನದಲ್ಲಿ ಸ್ಮಿತ್ ಈ ಅಂತರವನ್ನೇ ನಿರಾಕರಿಸಿದನು. ದೇವರೂ ಒಂದು ಕಾಲಕ್ಕೆ ಮನುಷ್ಯನಾಗಿದ್ದನು, ಮನುಷ್ಯರೂ ದೇವರುಗಳಾಗುವುದನ್ನು ಕಲಿಯಬೇಕು, ಪದಾರ್ಥವೂ ಚೇತನವೂ ಅನಾದಿ ಎಂಬುದು ಆ ಪ್ರವಚನದ ಸಾರ. ಅದು ಪವಿತ್ರಗ್ರಂಥದ ಸ್ಥಾನವನ್ನು ಪಡೆದಿಲ್ಲ. ದೇವರು ಹಿಂದೆ ಮನುಷ್ಯನಾಗಿದ್ದನೆಂಬ ಮಾತನ್ನು ಇಂದಿನ ಮೋರ್ಮನ್ ನಾಯಕರು ಒತ್ತಿ ಹೇಳುವುದೂ ವಿರಳ. ಆದರೆ ಮನುಷ್ಯನು ದೈವತ್ವಕ್ಕೆ ಏರಬಹುದೆಂಬ ನಂಬಿಕೆ ಆ ಧರ್ಮದ ಜೀವಾಳವಾಗಿಯೇ ಉಳಿದಿದೆ. ಜೈನಕಾವ್ಯಗಳ ಪರಿಚಯವುಳ್ಳ ಕನ್ನಡದ ಓದುಗನಿಗೆ ಇಲ್ಲಿ ಜೀವದ ಅನಾದಿತ್ವವೂ ಸಿದ್ಧಪದವಿಯೂ ನೆನಪಾಗಬಹುದು. ಈ ಸಾಮ್ಯ ಆಕರ್ಷಕವೇನೋ ಹೌದು. ಆದರೆ ಹೆಚ್ಚು ದೂರ ಸಾಗದು. ಸಿದ್ಧನಿಗೆ ಕುಟುಂಬವಿಲ್ಲ, ಸೃಷ್ಟಿಕಾರ್ಯವಿಲ್ಲ. ಮೋರ್ಮನ್ನರ ಪರಮಪದವಾದರೋ ವಿವಾಹಬಂಧದಿಂದ ಬೇರ್ಪಡದ ಪದವಿ. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಹೇಳುವ 'ದೈವೀಕರಣ'ವೂ ಇದಲ್ಲ. ಅಲ್ಲಿ ಮನುಷ್ಯನು ದೇವರ ಕೃಪಾಶಕ್ತಿಯಲ್ಲಿ ಪಾಲುಗೊಳ್ಳುತ್ತಾನೆ. ದೇವರ ಸತ್ತ್ವದಲ್ಲಿ ಅಲ್ಲ.

ರಕ್ಷಣೆಯ ವಿಚಾರವನ್ನು ಸಂಕ್ಷೇಪವಾಗಿ ಹೇಳಬಹುದು. ಕ್ರಿಸ್ತನ ಬಲಿಯಿಂದ ಎಲ್ಲರಿಗೂ ಪುನರುತ್ಥಾನ ದೊರೆಯುತ್ತದೆಂದೂ, 1832ರ ದರ್ಶನದಲ್ಲಿ ಹೇಳಿರುವ ಮೂರು ಮಹಿಮಾಲೋಕಗಳಲ್ಲಿ ಬಹುಪಾಲು ಜನರಿಗೆ ಒಂದಿಲ್ಲೊಂದು ಸ್ಥಾನವಿದೆಯೆಂದೂ ಮೋರ್ಮನ್ನರು ನಂಬುತ್ತಾರೆ. ಅತ್ಯುನ್ನತ ಪದವಿಗೆ ಮಾತ್ರ ವಿಧಿಪಾಲನೆ, ದೇವಾಲಯದ ಕರ್ಮಗಳು ಮತ್ತು ಶಾಶ್ವತ ವಿವಾಹ ಅಗತ್ಯ. ಪುನರುತ್ಥಾನದಲ್ಲಿ ಮದುವೆಯಿಲ್ಲವೆಂಬ ಮತ್ತಾಯನ 22ನೆಯ ಅಧ್ಯಾಯದ ಮಾತನ್ನು ಎದುರಾಳಿಗಳು ತೋರಿಸಿದರೆ, ಅಲ್ಲಿ ಹೊಸದಾಗಿ ಮದುವೆಯಾಗುವುದಿಲ್ಲವೆಂದಷ್ಟೇ ಅದರರ್ಥ ಎಂದು ಮೋರ್ಮನ್ನರು ಉತ್ತರಿಸುತ್ತಾರೆ. ಮೃತರ ಪರವಾಗಿ ಬದುಕಿರುವವರು ಪಡೆಯುವ ದೀಕ್ಷಾಸ್ನಾನಕ್ಕೆ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 15ನೆಯ ಅಧ್ಯಾಯದ ಒಂದು ಕ್ಲಿಷ್ಟ ವಾಕ್ಯವೇ ಆಧಾರ.

ಗ್ರಂಥಪ್ರಾಮಾಣ್ಯದ ಪ್ರಶ್ನೆ ನಮ್ಮ ಅಧ್ಯಯನಕ್ಷೇತ್ರಕ್ಕೆ ಹೆಚ್ಚು ಹತ್ತಿರವಾದುದು. ಪರಂಪರೆಗೆ ಬೈಬಲಿನ ಗ್ರಂಥಸಂಪುಟ ಮುಗಿದ ಸಂಪುಟ. ಮೋರ್ಮನ್ನರಿಗೆ ಅದು ತೆರೆದಿದೆ: ಬೈಬಲಿನ ಜೊತೆಗೆ 1830ರಲ್ಲಿ ಪಾಲ್ಮೈರಾದಲ್ಲಿ ಅಚ್ಚಾದ ಮೋರ್ಮನ್ ಗ್ರಂಥವೂ ಇನ್ನೆರಡು ಸಂಪುಟಗಳೂ ಪ್ರಮಾಣ, ಜೀವಂತ ಪ್ರವಾದಿಯ ಮಾತೂ ಪ್ರಮಾಣ. ಬೈಬಲನ್ನು ಅವರು ಸರಿಯಾಗಿ ಅನುವಾದವಾಗಿರುವ ಮಟ್ಟಿಗೆ ಮಾತ್ರ ದೇವವಾಕ್ಯವೆನ್ನುತ್ತಾರೆ. ಇದಕ್ಕೆ ವಿರುದ್ಧವಾಗಿ ಪ್ರಕಟನೆ ಗ್ರಂಥದ ಕೊನೆಯಲ್ಲಿರುವ, ಏನನ್ನೂ ಸೇರಿಸಬಾರದೆಂಬ ಎಚ್ಚರಿಕೆಯನ್ನು ಹಲವರು ಉದ್ಧರಿಸುವುದುಂಟು. ಅದು ದುರ್ಬಲ ವಾದ. ಆ ಎಚ್ಚರಿಕೆ ಅದೇ ಗ್ರಂಥಕ್ಕೆ ಸಂಬಂಧಿಸಿದ್ದು. ಅಂಥದೇ ಮಾತು ಧರ್ಮೋಪದೇಶಕಾಂಡದಲ್ಲೂ ಇದೆ, ಅದರ ನಂತರವೂ ಎಷ್ಟೋ ಗ್ರಂಥಗಳು ಸೇರಿವೆ. ಸಬಲವಾದ ಆಕ್ಷೇಪ ಆಕರಗಳ ಕುರಿತದ್ದು. ಬೈಬಲಿನ ಹೀಬ್ರೂ, ಗ್ರೀಕ್ ಹಸ್ತಪ್ರತಿಗಳನ್ನು ಯಾರಾದರೂ ಪರಿಶೀಲಿಸಬಹುದು. ಮೋರ್ಮನ್ ಗ್ರಂಥದ ಮೂಲವೆನ್ನಲಾದ ಚಿನ್ನದ ಫಲಕಗಳು ಲಭ್ಯವಿಲ್ಲ. ಅಬ್ರಹಾಮನ ಗ್ರಂಥಕ್ಕೆ ಸಂಬಂಧಿಸಿದ ಪಪೈರಸ್ ತುಣುಕುಗಳು 1967ರಲ್ಲಿ ಬೆಳಕಿಗೆ ಬಂದಾಗ ಅವು ಈಜಿಪ್ಟಿನ ಶವಸಂಸ್ಕಾರದ ಪಠ್ಯಗಳೆಂದು ತಿಳಿಯಿತು. ಆ ತುಣುಕುಗಳ ಲಿಪಿಗೂ ಸ್ಮಿತ್‌ನ ಅನುವಾದಕ್ಕೂ ಹೊಂದಿಕೆಯಿಲ್ಲವೆಂಬುದನ್ನು ಸಭೆಯೇ 2014ರ ಪ್ರಬಂಧದಲ್ಲಿ ಒಪ್ಪಿಕೊಂಡಿದೆ. ಆದರೆ ಗ್ರಂಥದ ದೈವಪ್ರೇರಣೆಯಲ್ಲಿ ಅದರ ನಂಬಿಕೆ ಸಡಿಲವಾಗಿಲ್ಲ.

ಗ್ರಂಥಸಂಪಾದನೆಯ ಅಭ್ಯಾಸವಿದ್ದವರಿಗೆ ಇನ್ನೊಂದು ಸಂಗತಿ ಕುತೂಹಲಕರ. ಮೋರ್ಮನ್ ಗ್ರಂಥದ 1830ರ ಮುದ್ರಣದಲ್ಲಿ ಮರಿಯಳನ್ನು 'ದೇವರ ತಾಯಿ' ಎಂಬರ್ಥದಲ್ಲಿ ಕರೆದಿರುವ ಒಂದು ಸ್ಥಳವಿದೆ. 1837ರ ಆವೃತ್ತಿಯಲ್ಲಿ ಅದು 'ದೇವಪುತ್ರನ ತಾಯಿ' ಎಂದಾಯಿತು. ಇದು ಸ್ಪಷ್ಟೀಕರಣವೆಂದು ಮೋರ್ಮನ್ನರು, ಸಿದ್ಧಾಂತ ಬದಲಾದ ಕುರುಹೆಂದು ವಿಮರ್ಶಕರು. ಹೇಗೇ ಇರಲಿ, ಮೂರು ಮಹಿಮಾಲೋಕ, ತಂದೆಯ ದೇಹ, ಶಾಶ್ವತ ವಿವಾಹ ಇವಾವುವೂ ಮೋರ್ಮನ್ ಗ್ರಂಥದಲ್ಲಿ ಪ್ರತಿಪಾದಿತವಾಗಿಲ್ಲ. ಅವೆಲ್ಲ ನಂತರದ ಹದಿನಾಲ್ಕು ವರ್ಷಗಳ ಬೆಳವಣಿಗೆ. ಆದ್ದರಿಂದ ಬೈಬಲನ್ನೂ ಮೋರ್ಮನ್ ಗ್ರಂಥವನ್ನೂ ಅಕ್ಕಪಕ್ಕ ಇಟ್ಟು ಹೋಲಿಸಿದರೆ ಮುಖ್ಯ ವ್ಯತ್ಯಾಸಗಳೇ ಕೈತಪ್ಪಿಹೋಗುತ್ತವೆ.

ಈ ಚರ್ಚೆ ಕನ್ನಡಕ್ಕೆ ತೀರ ದೂರದ್ದೇನಲ್ಲ. ಸಭೆಯ ಬೆಂಗಳೂರು ಮಿಷನ್ 1993ರಲ್ಲಿ ಆರಂಭವಾಯಿತು. ಬೆಂಗಳೂರಿನಲ್ಲಿ ದೇವಾಲಯ ಕಟ್ಟುವುದಾಗಿ 2018ರಲ್ಲಿ ಪ್ರಕಟಿಸಿ, 2020ರ ಡಿಸೆಂಬರಿನಲ್ಲಿ ಭೂಮಿಪೂಜೆಗೆ ಸಮಾನವಾದ ವಿಧಿಯನ್ನು ನಡೆಸಲಾಯಿತು. ತಂದೆ, ಮಗ, ಪವಿತ್ರಾತ್ಮ, ರಕ್ಷಣೆ, ದೀಕ್ಷಾಸ್ನಾನ ಮೊದಲಾದ ಕನ್ನಡ ಕ್ರೈಸ್ತ ಪರಿಭಾಷೆ ರೂಪುಗೊಂಡದ್ದು ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮಾಡಿದ ಬೈಬಲ್ ಅನುವಾದ ಹಾಗೂ ಅದರ ಪರಿಷ್ಕರಣಗಳ ಮೂಲಕ. ಅದರ ಹಿಂದಿರುವುದು ನೈಸಿಯಾದ ದೇವರ ಕಲ್ಪನೆ. ಮೋರ್ಮನ್ ಬೋಧನೆ ಕನ್ನಡದಲ್ಲಿ ನಡೆದಾಗ ಅದು ಇದೇ ಪದಗಳನ್ನು ಎರವಲು ಪಡೆಯದೆ ವಿಧಿಯಿಲ್ಲ. ಆಗ ಅವರ ಪರಮಪದವಿಯನ್ನು 'ಮೋಕ್ಷ'ವೆಂದರೆ ಒಂದು ತೊಡಕು, 'ಸಾಯುಜ್ಯ'ವೆಂದರೆ ಇನ್ನೊಂದು. ಬರಿಯ 'ರಕ್ಷಣೆ' ಎಂದರೆ ವ್ಯತ್ಯಾಸವೇ ಮರೆಯಾಗುತ್ತದೆ. ಕನ್ನಡದ ಧಾರ್ಮಿಕ ಪರಿಭಾಷಾಕೋಶಗಳು ಇಂಥ ಪದಗಳ ಕೆಳಗೆ ಎರಡೂ ಅರ್ಥಗಳನ್ನು, ಯಾವ ಸಭೆಯ ಬಳಕೆ ಯಾವುದೆಂಬ ಸೂಚನೆಯೊಡನೆ, ಬೇರೆ ಬೇರೆಯಾಗಿ ನಮೂದಿಸುವುದು ಅಗತ್ಯವಾಗಿದೆ.